ಮುಚ್ಚಳ ನೋಡಿ ಟಬ್ಬು ತಗೊ

ಅಮೆರಿಕದ ಚಳಿ ಸೀಮೆಯಲ್ಲಿ ಮನೆ ಮಾಡಿದವರಿಗೆ ಒಂದಲ್ಲ ಒಂದು ವರ್ಷ ಹಾಟ್ ಟಬ್ಬಿನ ಹುಚ್ಚು ಹತ್ತುತ್ತದೆ. ಮಿನೆಸೋಟದಲ್ಲಿರುವ ನನ್ನ ಅಳಿಯನಿಗೂ ಹತ್ತಿತು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸೊಂಟ ಹಿಡಿದಿದೆ ಎಂಬುದು ನೆಪ. ಹಿಮ ಉದುರುತ್ತಿರುವಾಗ ಹಿತ್ತಿಲಲ್ಲಿ ಕುತ್ತಿಗೆಮಟ್ಟ ಬಿಸಿನೀರಲ್ಲಿ ಕೂರಬೇಕೆಂಬುದು ಒಳಗಿನ ಆಸೆ. ತಪ್ಪೇನಿಲ್ಲ. ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು, ಮರುದಿನ ನಸುಕಿಗೇ ಎಣ್ಣೆ ಹಚ್ಚಿಕೊಂಡು ಮೀಯುವ ನಾಡಿನಿಂದ ಹೋದವನು.

"ಮಾವ, ಇದಕ್ಕೆ ಐವತ್ತು ಜೆಟ್ ಇದೆ," ಎಂದು ಫೋನು ಚಾಚಿದ.

ನಾನು ಕೆಇಬಿಯಲ್ಲಿ ಸರ್ವೀಸು ಮುಗಿಸಿದವನು. ಯಾವ ಯಂತ್ರ ಕಂಡರೂ ಮೊದಲು ಕಿಲೋವಾಟ್ ಕೇಳುವ ಚಟ. "ಪಂಪು ಎಷ್ಟಿವೆ?" ಎಂದೆ. ಒಂದೇ. ಅದೂ ಚಿಕ್ಕದು. ಒಂದು ಪಂಪಿನ ನೀರನ್ನು ಐವತ್ತು ತೂತಿಗೆ ಹಂಚಿದರೆ ಪ್ರತಿಯೊಂದರಲ್ಲೂ ಬರುವುದು ಸಮಾಧಾನದ ಧಾರೆ, ಸೊಂಟ ಸಡಿಲಿಸುವ ಧಾರೆಯಲ್ಲ. ಹೀಗೆ ನೀರು ಚಿಮ್ಮಿಸುವ ಉಪಾಯ ಹುಟ್ಟಿದ್ದೂ ಪಂಪಿನವರ ಮನೆಯಲ್ಲೇ. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಜಕೂಜಿ ಸಹೋದರರು ಮೊದಲು ವಿಮಾನದ ಪ್ರೊಪೆಲ್ಲರ್, ಆಮೇಲೆ ತೋಟ-ಗದ್ದೆಗಳ ಪಂಪು ಮಾಡುತ್ತಿದ್ದರು. ಅವರಲ್ಲೊಬ್ಬನಾದ ಕ್ಯಾಂಡಿಡೊ, ಸಂಧಿವಾತದಿಂದ ನರಳುವ ಮಗನಿಗಾಗಿ ಬಾತ್‌ಟಬ್ಬಿನೊಳಗೆ ಇಳಿಬಿಡುವ ಪಂಪನ್ನು ರೂಪಿಸಿದ. 1956ರ ಹೊತ್ತಿಗೆ ಅದು ಮಾರಾಟಕ್ಕೆ ಬಂತು. ಐಷಾರಾಮ ಅಂಟಿಕೊಂಡದ್ದು ಆಮೇಲೆ.

ಅಗ್ಗದ ಟಬ್ಬುಗಳಲ್ಲಿ ಎರಡು ಜಾತಿ. ಗಾಳಿ ತುಂಬಿಸುವಂಥದು ಕೆಲವು ನೂರು ಡಾಲರಿಗೇ ಸಿಗುತ್ತದೆ. ಆದರೆ 4 ಡಿಗ್ರಿಗಿಂತ ಕೆಳಗೆ ಬಳಸಬೇಡಿ ಎಂದು ಹಲವದರ ಕೈಪಿಡಿಯಲ್ಲೇ ಬರೆದಿರುತ್ತದೆ. ಮಿನೆಸೋಟದಲ್ಲಿ ಅದು ಬೇಸಿಗೆಯ ಆಟಿಕೆ. ಇನ್ನೊಂದು, ನಮ್ಮ ತಾರಸಿಯ ಸಿಂಟೆಕ್ಸ್ ಟ್ಯಾಂಕನ್ನು ಮಾಡುವ ವಿಧಾನದಲ್ಲೇ, ತಿರುಗುವ ಅಚ್ಚಿನಲ್ಲಿ ಪ್ಲಾಸ್ಟಿಕ್ ಕರಗಿಸಿ ಎರೆದದ್ದು. ನೋಟಕ್ಕೆ ಒರಟು, ಬಾಳಿಕೆಗೆ ಗಟ್ಟಿ. ಹೊಳಪಿನ ಅಕ್ರಿಲಿಕ್ ಬೇಕೆಂದರೆ ಬಜೆಟ್ಟಿನ ಮಾತು ಬಿಡಬೇಕು.

ಇನ್ನು ಕರೆಂಟು. ಗೋಡೆಯ 120 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು ಎನ್ನುವ ಟಬ್ಬಿಗೆ ಎಲೆಕ್ಟ್ರಿಷಿಯನ್ ಖರ್ಚಿಲ್ಲ, ನಿಜ. ಆದರೆ ಲೆಕ್ಕ ಹಾಕಿ: 300 ಗ್ಯಾಲನ್ ಎಂದರೆ ಸುಮಾರು 1,135 ಲೀಟರ್. ಅದನ್ನು 10 ಡಿಗ್ರಿಯಿಂದ 40ಕ್ಕೆ ಏರಿಸಲು ಹತ್ತಿರ ಹತ್ತಿರ 40 ಯೂನಿಟ್ ಬೇಕು. ಒಂದು ಕಿಲೋವಾಟಿನ ಹೀಟರಿಗೆ 40 ಗಂಟೆಯ ದುಡಿಮೆ. ಮೇಲಾಗಿ ಇಂಥವುಗಳಲ್ಲಿ ಜೆಟ್ ಜೋರಾಗಿ ಓಡುವಾಗ ಹೀಟರ್ ಸಾಮಾನ್ಯವಾಗಿ ನಿಂತಿರುತ್ತದೆ. ಕೊರೆಯುವ ಚಳಿಯಲ್ಲಿ ನೀವು ಕೂತಂತೆ ನೀರು ಆರುತ್ತದೆ. 240 ವೋಲ್ಟಿನ 5.5 ಕಿಲೋವಾಟ್ ಹೀಟರ್ ಅದೇ ಕೆಲಸವನ್ನು ಏಳೆಂಟು ಗಂಟೆಯಲ್ಲಿ ಮುಗಿಸುತ್ತದೆ. ಎರಡಕ್ಕೂ ಒಗ್ಗುವ ಮಾಡೆಲ್ ಸಿಗುತ್ತದೆ. ಚಳಿ ಸೀಮೆಯವರು ಅದನ್ನೇ ಹುಡುಕಬೇಕು.

ಯೂನಿಟ್ಟಿಗೆ 15 ಸೆಂಟ್ ಎಂದರೂ ಒಂದು ಸಲ ಕಾಯಿಸುವುದಕ್ಕೆ ಆರು ಡಾಲರ್. ಹೆದರಬೇಕಾದ್ದು ಅದಕ್ಕಲ್ಲ. ಕಾದ ನೀರನ್ನು ಹಗಲೂ ರಾತ್ರಿ ಕಾದಿಡಬೇಕಲ್ಲ, ಬಿಲ್ ಬೆಳೆಯುವುದು ಅಲ್ಲಿ. ಬಿಸಿ ಓಡಿಹೋಗುವುದು ಹೆಚ್ಚಾಗಿ ಆವಿಯ ಜೊತೆ, ಮೇಲಿನಿಂದ. ಆದ್ದರಿಂದ ನನ್ನ ಪ್ರಕಾರ ನೀವು ಕೊಳ್ಳುವುದು ಮುಚ್ಚಳವನ್ನು. ಟಬ್ಬು ಅದರ ಜೊತೆಗೆ ಬರುತ್ತದೆ.

ಮಾರಾಟಕ್ಕಿದ್ದ ಹಳೆಯ ಟಬ್ಬೊಂದನ್ನು ನೋಡಹೋದಾಗ ಅಳಿಯ ಬಗ್ಗಿ ಜೆಟ್ ಎಣಿಸುತ್ತಿದ್ದ, ನಾನು ಮುಚ್ಚಳದ ಒಂದು ಮೂಲೆ ಎತ್ತಿದೆ. ಮೇಲೇಳಲಿಲ್ಲ. ಒಳಗಿನ ಥರ್ಮೋಕೋಲ್ ಹಲಗೆ ವರ್ಷಗಟ್ಟಲೆ ಆವಿ ಕುಡಿದು ನೀರಾಗಿ ಕೂತಿತ್ತು. ಅಂಥದು ಹೊದ್ದುಕೊಂಡ ಒದ್ದೆ ಕಂಬಳಿಯಂತೆ, ಭಾರವಷ್ಟೇ ಲಾಭ. ಇನ್ನೊಂದು ಮನೆಯಲ್ಲಿ ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಮುಚ್ಚಳದ ಮೇಲೆಲ್ಲ ಬೆಳ್ಳಗೆ ಕೂತ ಹಿಮ, ನಡುವಿನ ಮಡಿಕೆಯ ಉದ್ದಕ್ಕೂ ಮಾತ್ರ ಕರಗಿ ಕಪ್ಪು ಗೆರೆ. ಬಿಸಿ ಎಲ್ಲಿ ಸೋರುತ್ತಿದೆ ಎಂದು ತೋರಿಸಲು ಬೇರೆ ಮೀಟರ್ ಬೇಡ.

ಕೊನೆಗೆ ಬಂದದ್ದು ಒರಟು ಪ್ಲಾಸ್ಟಿಕ್ಕಿನ ಹೊಸ ಟಬ್ಬೇ, ಇಪ್ಪತ್ತೂ ಇಲ್ಲದ ಜೆಟ್ಟಿನದು. ಉಳಿದ ದುಡ್ಡಿನಲ್ಲಿ ದಪ್ಪ ಮುಚ್ಚಳ, ಮಕ್ಕಳಿರುವ ಮನೆಯಾದ್ದರಿಂದ ಅದಕ್ಕೊಂದು ಬೀಗ. ತುಂಬಿದ ಟಬ್ಬು ಒಂದು ಟನ್ನಿಗೂ ಹೆಚ್ಚು ತೂಗುವುದರಿಂದ ಮರದ ಡೆಕ್ಕಿನ ಮೇಲಲ್ಲ, ಕಾಂಕ್ರೀಟ್ ಹಾಸಿನ ಮೇಲೆ ಇಟ್ಟದ್ದಾಯಿತು.

ತಕರಾರು ಎದ್ದದ್ದು ನನ್ನ ಹೆಂಡತಿಯ ಕಡೆಯಿಂದ. ನೀರು ಬದಲಿಸುವುದು ಮೂರು-ನಾಲ್ಕು ತಿಂಗಳಿಗೊಮ್ಮೆ ಎಂದು ಕೇಳಿ ಅವಳು ಮಗಳ ಮುಖ ನೋಡಿದಳು. "ಎಲ್ಲರೂ ಮಿಂದ ನೀರು ಕಣೇ!" ಕ್ಲೋರಿನ್ ಹಾಕುತ್ತೇವೆ, ಪಿಎಚ್ 7.2ರಿಂದ 7.8ರೊಳಗೆ ಇಡುತ್ತೇವೆ, ಪಟ್ಟಿ ಅದ್ದಿ ಬಣ್ಣ ನೋಡುತ್ತೇವೆ ಎಂದು ಅಳಿಯ ವಿವರಿಸಿದ. ಈ ಶಿಸ್ತು ತಪ್ಪಿದರೆ ಬೆಚ್ಚಗಿನ ನೀರಲ್ಲಿ ರೋಗಾಣು ಬೆಳೆದು ಮೈಯೆಲ್ಲ ಗಂಧೆ ಏಳುವುದುಂಟು, ಅವಳ ಅನುಮಾನ ಬರಿ ಮಡಿಯದಲ್ಲ. ಮೈಯ ಎಣ್ಣೆ, ಸೋಪು ಸೇರಿದರೆ ನೊರೆ ಏಳುತ್ತದೆ, ಫಿಲ್ಟರ್ ಕಟ್ಟುತ್ತದೆ. ಹಾಗಾಗಿ ಇಳಿಯುವ ಮೊದಲೇ ಸ್ನಾನ ಮಾಡಬೇಕು.

"ಸ್ನಾನ ಮಾಡಿದ ಮೇಲೆ ಇದು ಯಾಕೆ ಮತ್ತೆ?" ಎಂದಳು.

ಅಳಿಯ ಉತ್ತರಿಸಲಿಲ್ಲ, ಟವೆಲ್ ತರಲು ಹೋದ. ಆ ದೇಶದಲ್ಲಿ ಹಾಟ್ ಟಬ್ಬಿಗೆ 104 ಫ್ಯಾರನ್‌ಹೀಟ್, ಅಂದರೆ 40 ಡಿಗ್ರಿಯ ಮಿತಿ ಇದೆ. ಬಿ.ಪಿ. ಮಾತ್ರೆ ನುಂಗುವ ನನಗೆ ಮಗಳು ಅದನ್ನೂ ತಗ್ಗಿಸಿ 38ಕ್ಕೆ, ಹತ್ತೇ ನಿಮಿಷಕ್ಕೆ ನಿಲ್ಲಿಸಿದ್ದಾಳೆ. ನಾನು ಎದ್ದ ಮೇಲೆ ಅಳಿಯ ಮತ್ತೆ 40ಕ್ಕೆ ಏರಿಸುತ್ತಾನೆ. ಮುಚ್ಚಳ ಮುಚ್ಚಿ ಏರಿಸಪ್ಪಾ ಅಂದರೆ ಮಾತ್ರ ಕೇಳುವುದಿಲ್ಲ.