ಬೇಗಡೆ, ರಬ್ಬರು, ಐದು ವೋಲ್ಟು

ನಮ್ಮ ಮನೆಯ ವಿಡಿಯೋ ಗೇಮಿನ ಮೇಲೆ ತಯಾರಿಸಿದವರ ಹೆಸರೇ ಇರಲಿಲ್ಲ. ಡಬ್ಬದ ಮೇಲೆ ಕಪ್ಪು ಕನ್ನಡಕದ ಹಾಲಿವುಡ್ ಹೀರೋ ಒಬ್ಬ ಬಂದೂಕು ಹಿಡಿದು ನಿಂತಿದ್ದ. ಒಳಗಿದ್ದ ಆಟಗಳಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಗ್ಯಾರಂಟಿ ಕಾರ್ಡಿಲ್ಲ, ವಿಳಾಸವಿಲ್ಲ, ಜೊತೆಗೆ ಬಂದ ಮಡಿಚಿದ ಹಾಳೆಯಲ್ಲಿ ಇದ್ದದ್ದೆಲ್ಲ ಚೀನೀ ಅಕ್ಷರ. ತೊಂಬತ್ತರ ದಶಕದ ನಡುವೆ, ಕೊಬ್ಬರಿ ಮಾರಿದ ದುಡ್ಡು ಕೈಯಲ್ಲಿದ್ದಾಗ, ಬೆಂಗಳೂರಿಗೆ ಹೋದ ದೊಡ್ಡಪ್ಪ ನ್ಯಾಷನಲ್ ಮಾರ್ಕೆಟ್ಟಿನಿಂದ ಅದನ್ನು ತಿಪಟೂರಿಗೆ ತಂದರು. "ಕೆಟ್ಟೋದ್ರೆ ಏನ್ ಮಾಡ್ತೀರಿ?" ಅಂತ ದೊಡ್ಡಮ್ಮ ಕೇಳಿದ್ದಕ್ಕೆ "ಕೆಡಲ್ವಂತೆ ಕಣೇ" ಅಂದರು.

ಆಮೇಲಿನ ಐದಾರು ವರ್ಷ ಅದು ಕೆಡುತ್ತಲೇ ಇತ್ತು. ದೊಡ್ಡಪ್ಪನ ಮಗ ಅಣ್ಣ, ಎದುರುಮನೆಯ ಅವನ ಗೆಳೆಯ, ನಾನು ಮೂವರೂ ಆಡಿದ್ದಕ್ಕಿಂತ ಹೆಚ್ಚು ಹೊತ್ತು ಅದರ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆವು. ಈಗ ಯಾರದಾದರೂ ಮದುವೆ ಮುಂಜಿಯಲ್ಲಿ ಸಿಕ್ಕರೆ ಮಾತು ಮಾರಿಯೋ ಕಡೆಗೆ ಹೊರಳುವುದು ಕಡಿಮೆ. ನೇರ ರಬ್ಬರಿಗೆ, ಬೇಗಡೆಗೆ, ಅಡಾಪ್ಟರಿಗೆ ಹೋಗುತ್ತದೆ.

ಅದು ಯಾವುದರ ನಕಲು ಅಂತ ಗೊತ್ತಾದದ್ದು ಎಷ್ಟೋ ವರ್ಷ ಕಳೆದ ಮೇಲೆ. ಜಪಾನಿನ ನಿಂಟೆಂಡೊ 1983ರ ಜುಲೈ 15ರಂದು ಮಾರುಕಟ್ಟೆಗೆ ಬಿಟ್ಟ ಫ್ಯಾಮಿಕಾಮ್ ಇದರ ಮೂಲ. ಮಸಾಯುಕಿ ಉಯೆಮುರಾ ಅನ್ನುವ ಎಂಜಿನಿಯರು ಅದರ ವಿನ್ಯಾಸದ ಮುಂದಾಳು. ಮಿದುಳು 6502 ಪ್ರೊಸೆಸರಿನ ವಂಶದ್ದು, ವೇಗ 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಸೂಪರ್ ಮಾರಿಯೋ ಆಟ ಇಡಿಯಾಗಿ 40 ಕಿಲೋಬೈಟ್. ಬೆಳಗಾಗೆದ್ದು ವಾಟ್ಸಾಪಿನಲ್ಲಿ ಬರುವ ಶುಭೋದಯದ ಒಂದು ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಮೂಲ ಯಂತ್ರದಲ್ಲಿ ಬೇರೆ ಬೇರೆಯಾಗಿದ್ದ ಚಿಪ್ಪುಗಳು ನಮ್ಮದರಲ್ಲಿ ಬೋರ್ಡಿನ ಮೇಲೆ ಟಾರು ಸುರಿದಂತಿದ್ದ ಒಂದು ಕರೀ ಗುಡ್ಡೆಯಾಗಿ ಕೂತಿದ್ದವು. ಆ ಗುಡ್ಡೆ ಕೆಟ್ಟರೆ ಬ್ರಹ್ಮ ಬಂದರೂ ಸರಿಮಾಡಲಾರ. ಪುಣ್ಯಕ್ಕೆ ಅದೊಂದು ಮಾತ್ರ ಎಂದೂ ಕೆಡಲಿಲ್ಲ. ಅದರ ಸುತ್ತ ಇದ್ದದ್ದೆಲ್ಲ ಸರದಿಯ ಮೇಲೆ ಕೆಟ್ಟಿತು.

ಮೊದಲು ಕ್ಯಾಸೆಟ್ಟು. ಹಳದಿ ಪ್ಲಾಸ್ಟಿಕ್ಕು, ಮೇಲೆ 9999 ಆಟ ಇದೆ ಅನ್ನುವ ಲೇಬಲ್ಲು. ನಿಜಕ್ಕೆ ಇದ್ದವು ಬೆರಳೆಣಿಕೆಯ ಆಟಗಳು. ಅವೇ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಸ್ಟೇಜಿನಿಂದ ಶುರುವಾಗುತ್ತ ಸುತ್ತಿ ಸುತ್ತಿ ಬರುತ್ತಿದ್ದವು. ಅಣ್ಣ ಒಂದು ರಜೆಯಲ್ಲಿ ಹಟ ಹಿಡಿದು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆಯಲು ಕೂತ. ಮೊದಲ ಪುಟದಲ್ಲೇ ಕಾಂಟ್ರಾ ಎಷ್ಟೋ ಸಲ ಬಂದದ್ದು ನೋಡಿ ಪೆನ್ನು ಎಸೆದ.

ಕ್ಯಾಸೆಟ್ಟಿನ ಬುಡದಲ್ಲಿ ಎರಡು ಸಾಲಾಗಿ 60 ಹಲ್ಲುಗಳು. ಅವು ಸ್ಲಾಟಿನೊಳಗಿನ 60 ಸ್ಪ್ರಿಂಗುಗಳನ್ನು ಒಂದೂ ತಪ್ಪದೆ ಮುಟ್ಟಬೇಕು. ಒಂದು ಮುಟ್ಟದಿದ್ದರೂ ಪರದೆ ಬೂದಿ ಬಣ್ಣ, ಇಲ್ಲವೆ ಮಾರಿಯೋನ ಮುಂಡದ ಮೇಲೆ ಇಂಗ್ಲಿಷ್ ಅಕ್ಷರ. ಆಗ ನಾವು ಮಾಡುತ್ತಿದ್ದುದು ಲೋಕದ ಮಕ್ಕಳೆಲ್ಲ ಮಾಡಿದ್ದನ್ನೇ: ತೆಗೆದು ಉಫ್ ಅಂತ ಊದಿ ಮತ್ತೆ ತುರುಕುವುದು. ಊದಿದರೆ ಆಡುತ್ತಿತ್ತು, ಸುಳ್ಳಲ್ಲ. ಆದರೆ ಆಡಿಸುತ್ತಿದ್ದುದು ಉಸಿರಲ್ಲ. ತೆಗೆದು ಹಾಕುವಾಗ ಹಲ್ಲೂ ಸ್ಪ್ರಿಂಗೂ ಉಜ್ಜಿಕೊಂಡು ಬೇರೆ ಜಾಗದಲ್ಲಿ ಕೂರುತ್ತಿದ್ದವಲ್ಲ, ಅದು. ಉಸಿರಿನ ಪಸೆ ಕಾಲಕ್ರಮದಲ್ಲಿ ತಾಮ್ರವನ್ನು ತಿನ್ನುತ್ತದೆ. ಕ್ಯಾಸೆಟ್ಟಿಗೆ ಊದಬೇಡಿ ಅಂತ ನಿಂಟೆಂಡೊ ತಾನೇ ಹೇಳಿದೆ. ಅದರ ಕ್ಯಾಸೆಟ್ಟಿಗಾದರೂ ಚಿನ್ನದ ಲೇಪ. ನಮ್ಮದರ ಲೇಪ ಎಷ್ಟು ತೆಳುವೆಂದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಲ್ಲು ಕಪ್ಪಿಟ್ಟಿತು.

ರಬ್ಬರಿನ ಉಪಾಯ ಎದುರುಮನೆ ಹುಡುಗನದು. ಪೆನ್ಸಿಲ್ ಅಳಿಸುವ ಬಿಳೀ ರಬ್ಬರಿನಿಂದ ಹಲ್ಲುಗಳನ್ನು ಉದ್ದಕ್ಕೆ ಉಜ್ಜಬೇಕು, ಅಡ್ಡಕ್ಕಲ್ಲ. ಉದುರಿದ ಪುಡಿಯನ್ನು ಹಳೇ ಪೇಂಟಿಂಗ್ ಬ್ರಷ್ಷಿನಲ್ಲಿ ಗುಡಿಸಬೇಕು. ಸಡಿಲವಾದ ಸ್ಪ್ರಿಂಗುಗಳನ್ನು ಕಂಪಾಸ್ ಬಾಕ್ಸಿನ ಡಿವೈಡರ್ ಮೊನೆಯಿಂದ ಒಂದೊಂದಾಗಿ ಮೀಟಿ ಮೇಲೆತ್ತಬೇಕು. ಈ ಕೆಲಸದಲ್ಲಿ ಅವನ ಕೈ ಅಲುಗುತ್ತಿರಲಿಲ್ಲ. ಅಣ್ಣ ಟಾರ್ಚ್ ಹಿಡಿಯುತ್ತಿದ್ದ, ನಾನು ಸಾಲು ಎಣಿಸುತ್ತಿದ್ದೆ. ಮಾತಾಡಿದರೆ "ಉಸಿರು ಬಿಡಬೇಡ್ರಲಾ" ಅಂತ ಗದರುತ್ತಿದ್ದ. ಈಗ ಅವನು ಮಸ್ಕತ್ತಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ.

ಎರಡನೆಯದು ಕರೆಂಟು. ಗೋಡೆಯ 230 ವೋಲ್ಟನ್ನು ಅಡಾಪ್ಟರು 9ಕ್ಕೆ ಇಳಿಸಬೇಕು. ಒಳಗೆ 7805 ಅನ್ನುವ ಮೂರು ಕಾಲಿನ ಪುಟ್ಟ ಬಿಡಿಭಾಗ ಅದನ್ನು ಸರಿಯಾಗಿ 5ಕ್ಕೆ ಕಟ್ಟಿಹಾಕಿ ಮಿಕ್ಕದ್ದನ್ನು ಶಾಖ ಮಾಡಿ ಹೊರಹಾಕುತ್ತದೆ. ಬೇಸಿಗೆಯ ಮಧ್ಯಾಹ್ನ ಯಂತ್ರದ ಬೆನ್ನು ಮುಟ್ಟಲಾಗದಷ್ಟು ಕಾಯುತ್ತಿತ್ತು. ದೊಡ್ಡಮ್ಮ ಹಪ್ಪಳದ ಹಿಟ್ಟು ಕಲಸಿ ಬೆವರುತ್ತಿದ್ದರೆ ಮನೆಯ ಒಂದೇ ಟೇಬಲ್ ಫ್ಯಾನು ವಿಡಿಯೋ ಗೇಮಿನ ಕಡೆ ತಿರುಗಿರುತ್ತಿತ್ತು. ಇದಕ್ಕೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯಲಾರೆ.

ಸಂಜೆ ಇದರ ತಿರುಗುಮುರುಗು. ಸುತ್ತಲಿನ ತೆಂಗಿನ ತೋಟಗಳಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡತೊಡಗಿದರೆ ಊರಿನ ವೋಲ್ಟೇಜು ಕುಸಿದು ಬಲ್ಬು ಕೆಂಪಾಗುತ್ತಿತ್ತು. 5 ವೋಲ್ಟು ಕಟ್ಟಿಕೊಡಬೇಕಾದರೆ 7805ಕ್ಕೆ ಹೆಚ್ಚುಕಡಿಮೆ 7 ವೋಲ್ಟಾದರೂ ಒಳಬರಬೇಕು. ಅಡಾಪ್ಟರು ಅಷ್ಟೂ ಕೊಡಲಾಗದೆ ಸೋತಾಗ ಆಟ ಇದ್ದಲ್ಲೇ ಕಲ್ಲಾಗುತ್ತಿತ್ತು. ಲೆಕ್ಕ ಗೊತ್ತಿಲ್ಲದಿದ್ದರೂ ಫಲ ಗೊತ್ತಿತ್ತು. ನೀರು ಹಾಯಿಸುವ ಹೊತ್ತಿಗೆ ಮುಂಚೆ ಏಳನೇ ಸ್ಟೇಜು ದಾಟಬೇಕು ಅಂತ ನಾವು ಓಡುತ್ತಿದ್ದೆವು.

ಬಸ್‌ಸ್ಟಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರನ್ನು ನಾವು ರೇಡಿಯೋ ಮಾಮ ಅನ್ನುತ್ತಿದ್ದೆವು. ವಿಡಿಯೋ ಗೇಮಿನ ಒಳಗನ್ನು ಅವರೂ ನಮ್ಮದರಲ್ಲೇ ಮೊದಲು ನೋಡಿದ್ದು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, "ಇದು ನಮ್ ರೇಡಿಯೋದಲ್ಲೂ ಇರೋದೇ ಕಣಮ್ಮ" ಅಂತ 7805ನ್ನು ತೋರಿಸಿದರು. ಕೆಟ್ಟ ಟೇಪ್‌ರೆಕಾರ್ಡರಿನಿಂದ ಅಲ್ಯೂಮಿನಿಯಂ ತಗಡು ಕತ್ತರಿಸಿ ಅದರ ಬೆನ್ನಿಗೆ ಸ್ಕ್ರೂ ಹಾಕಿ ಬಿಗಿದರು. ಅವತ್ತಿನಿಂದ ಫ್ಯಾನು ದೊಡ್ಡಮ್ಮನಿಗೆ ವಾಪಸಾಯಿತು. ಜಪಾನಿನಲ್ಲಿ ನಿಂಟೆಂಡೊ ಫ್ಯಾಮಿಕಾಮ್ ತಯಾರಿಯನ್ನು 2003ರಲ್ಲಿ ನಿಲ್ಲಿಸಿದ ಮೇಲೂ 2007ರವರೆಗೆ ರಿಪೇರಿ ಮಾಡಿಕೊಡುತ್ತಿತ್ತು ಅಂತ ಓದಿದಾಗ ಹೊಟ್ಟೆ ಉರಿಯಲಿಲ್ಲ. ನಮಗೆ ರೇಡಿಯೋ ಮಾಮ ಇದ್ದರು, ಅದೂ ನಡೆದು ಹೋಗುವಷ್ಟು ದೂರದಲ್ಲಿ.

ಇನ್ನು ರಿಮೋಟುಗಳು. ಎಡಕ್ಕೆ ಪ್ಲಸ್ ಆಕಾರದ ಗುಂಡಿ, ಬಲಕ್ಕೆ ಎ ಮತ್ತು ಬಿ, ಅವುಗಳ ತಲೆಯ ಮೇಲೆ ತಾವೇ ಪಟಪಟ ಹೊಡೆಯುವ ಎರಡು ಟರ್ಬೋ ಗುಂಡಿ. ಮೊದಲ ರಿಮೋಟಿನಲ್ಲಿ ಸ್ಟಾರ್ಟು, ಸೆಲೆಕ್ಟು ಇದ್ದವು, ಎರಡನೆಯದರಲ್ಲಿ ಇರಲಿಲ್ಲ. ಮೂಲ ಫ್ಯಾಮಿಕಾಮಿನಲ್ಲೂ ಹಾಗೇ. ಆದರೆ ಅದು ಆ ಜಾಗದಲ್ಲಿ ಮೈಕ್ ಇಟ್ಟು ಸಮಾಧಾನ ಮಾಡಿತ್ತು, ನಕಲು ಮಾಡಿದವರು ಅದನ್ನೂ ನುಂಗಿದ್ದರು. ಎರಡನೇ ರಿಮೋಟ್ ಎಂದಿಗೂ ನನ್ನದು. ಆಟ ನಿಲ್ಲಿಸುವ ಅಧಿಕಾರ ಎಂದಿಗೂ ಅಣ್ಣನದು. ಅವನಿಗೆ ಬಾಯಾರಿದರೆ ಲೋಕ ನಿಲ್ಲುತ್ತಿತ್ತು; ನನ್ನನ್ನು ಅಮ್ಮ ಕರೆದರೆ ನಾನು ಸಾಯುತ್ತಿದ್ದೆ.

ಕಾಂಟ್ರಾ ಕೊನಾಮಿ ಕಂಪನಿಯದು. ನೀಲಿ ಪ್ಯಾಂಟಿನವನು ಅಣ್ಣ, ಕೆಂಪು ಪ್ಯಾಂಟಿನವಳು ನಾನು. ಮೂರನೇ ಸ್ಟೇಜಿನ ಜಲಪಾತ ಹತ್ತುವಾಗ ಮುಂದಿನವನು ಎಗರಿದಂತೆ ಪರದೆ ಮೇಲೇರುತ್ತದೆ, ಕೆಳಗೆ ಉಳಿದವರು ಪರದೆಯ ಅಂಚಿಗೆ ಸಿಕ್ಕಿ ಸಾಯುತ್ತಾರೆ. ನಮ್ಮ ಜಗಳಗಳಲ್ಲಿ ಅರ್ಧ ಆ ಜಲಪಾತದಲ್ಲಿ ಹುಟ್ಟಿದ್ದು. ಲೈಫು ಮುಗಿದವರು ಜೊತೆಗಾರರ ಲೈಫಿನಿಂದ ಎತ್ತಿಕೊಳ್ಳಬಹುದಿತ್ತು, ಅದರಲ್ಲಿ ಹುಟ್ಟಿದ್ದು ಇನ್ನರ್ಧ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿದರೆ 30 ಲೈಫು ಸಿಗುತ್ತದೆ ಅನ್ನುವ ಸುದ್ದಿ ಯಾರದೋ ಮಾವನ ಮಗನ ಬಾಯಿಂದ ತಿಪಟೂರಿಗೂ ಬಂದಿತ್ತು. ಅದನ್ನು ಮೊದಲು ಗ್ರಾಡಿಯಸ್ ಆಟಕ್ಕಾಗಿ ಬರೆದ ಕಜುಹಿಸಾ ಹಶಿಮೊಟೊ 2020ರಲ್ಲಿ ತೀರಿಕೊಂಡರು. ಅವತ್ತು ನಮ್ಮ ಮೂವರ ಗುಂಪಿನಲ್ಲಿ ಮಸ್ಕತ್ತಿನಿಂದ ಬಂದ ಸಂದೇಶದಲ್ಲಿ ಇದ್ದದ್ದು ಆ ಬಾಣದ ಗುರುತುಗಳಷ್ಟೇ.

ಗುಂಡು ಜಾಸ್ತಿಯಾದಾಗ ಚಿತ್ರಗಳು ಮಿನುಗಿ ಮಾಯವಾಗುವುದು ಟಿವಿಯ ದೋಷ ಅಂತ ನಂಬಿದ್ದೆವು. ಅದಲ್ಲ: ಆ ಚಿಪ್ಪು ಒಂದು ಗೆರೆಯಲ್ಲಿ 8ಕ್ಕಿಂತ ಹೆಚ್ಚು ಚಲಿಸುವ ತುಣುಕು ತೋರಿಸಲಾರದು. ಅದಕ್ಕೇ ಆಟ ಬರೆದವರು ಸರದಿಯ ಮೇಲೆ ಒಂದೊಂದನ್ನು ಬಚ್ಚಿಡುತ್ತಿದ್ದರು. ಮೆಕ್ಯಾನಿಕ್ಕು ಬಂದು ಟಿವಿಯ ಬೆನ್ನು ಬಿಚ್ಚಿ ನೋಡಿ, ಏನೂ ಮಾಡದೆ ಕಾಸು ಇಸಿದುಕೊಂಡು ಹೋಗಿದ್ದ.

ಇಷ್ಟು ಒತ್ತಿದ ಮೇಲೆ ಗುಂಡಿಗಳು ಉಳಿಯುತ್ತವೆಯೇ? ಗುಂಡಿಯ ಕೆಳಗಿನ ಮೆತ್ತನೆ ರಬ್ಬರಿನಲ್ಲಿ ಕರೀ ಇಂಗಾಲದ ಬಿಲ್ಲೆ ಇರುತ್ತದೆ. ಅದು ಬೋರ್ಡಿನ ಎರಡು ಗೆರೆಗಳನ್ನು ಕೂಡಿಸಿದರೆ ಮಾರಿಯೋ ಎಗರುತ್ತಾನೆ. ಬಿಲ್ಲೆ ಸವೆದಾಗ ಮೊದಲು ಪೆನ್ಸಿಲ್ ಸೀಸ ತೇಯ್ದು ಮೆತ್ತಿದೆವು, ಒಂದು ದಿನ ಬಂತು. ಬೇಗಡೆಯ ಉಪಾಯ ನನ್ನದು. ತಾತನ ಸಿಗರೇಟ್ ಪ್ಯಾಕಿನ ಬೇಗಡೆಯನ್ನು ನೀರಲ್ಲಿ ನೆನೆಸಿ, ಕಾಗದ ಬಿಡಿಸಿ, ಗುಂಡಗೆ ಕತ್ತರಿಸಿ ಫೆವಿಕ್ವಿಕ್ಕಿನಿಂದ ಅಂಟಿಸುವುದು. ಹೊಸದಕ್ಕಿಂತ ಚುರುಕಾಗಿ ಕೆಲಸ ಮಾಡಿತು. ಬೀದಿಯ ಬೇರೆ ಮನೆಗಳಿಂದಲೂ ರಿಮೋಟುಗಳು ನನ್ನ ಹತ್ತಿರ ಬರತೊಡಗಿದವು. ಪ್ಯಾಕು ಬೇಗ ಖಾಲಿಯಾಗಲಿ ಅಂತ ನಾನು ಕಾಯುತ್ತಿದ್ದುದು ತಾತನಿಗೆ ಗೊತ್ತಾಗಿ, ಬೇಗಡೆಯನ್ನು ಮಾತ್ರ ಮೊದಲೇ ಎಳೆದು ಕೊಟ್ಟುಬಿಡುತ್ತಿದ್ದರು.

ಕೇಬಲ್ಲಿನ ಕುತ್ತಿಗೆ ಮುರಿದದ್ದು, ಆ್ಯಂಟೆನಾ ಡಬ್ಬಿಯ ಸ್ವಿಚ್ಚು ಸಡಿಲವಾದದ್ದು ಎಲ್ಲರ ಮನೆಯ ಕತೆಯೇ, ಬಿಡಿ.

ತೀರ ಈಚೆಗೆ ಗೊತ್ತಾದ ಒಂದು ಸಂಗತಿ ಹೇಳಬೇಕು. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆದರೆ ನಮ್ಮ ಟಿವಿ 50 ಸಲ. ಜಪಾನಿಗೆ ಬರೆದ ಆಟವನ್ನು ತಿದ್ದದೆ ಕದ್ದು ತುಂಬಿದ್ದರಿಂದ, ಒಂದು ಚಿತ್ರಕ್ಕೆ ಒಂದು ಹೆಜ್ಜೆಯಂತೆ ನಡೆಯುವ ಆ ಆಟ ನಮ್ಮಲ್ಲಿ ನಿಧಾನವಾಗಿ ನಡೆಯಿತು. ಕೋಜಿ ಕೊಂಡೊ ಕಟ್ಟಿದ ಮಾರಿಯೋ ಸಂಗೀತವೂ ಅಷ್ಟೆ: ಅಲ್ಲಿ 50 ಸೆಕೆಂಡಿನಲ್ಲಿ ಮುಗಿಯುವಷ್ಟು ನಮಗೆ 60 ಸೆಕೆಂಡು. ಶ್ರುತಿ ಹೆಚ್ಚುಕಡಿಮೆ ಅದೇ, ಲಯ ಮಾತ್ರ ವಿಳಂಬ. ಯೂಟ್ಯೂಬಿನಲ್ಲಿ ಮೂಲವನ್ನು ಕೇಳಿದಾಗ ಯಾರೋ ಬಸ್ಸು ತಪ್ಪಿಹೋಗುತ್ತದೆ ಅಂತ ನುಡಿಸಿದ ಹಾಗಿತ್ತು. ಅಣ್ಣನಿಗೆ ಕಳಿಸಿದೆ. "ಇದು ತಪ್ಪಾಗಿದೆ" ಅಂತ ಬರೆದ. ನನಗೂ ಹಾಗೇ ಅನ್ನಿಸಿತು. ಶಾಸ್ತ್ರ ಏನೇ ಹೇಳಲಿ, ತಿಪಟೂರಿನ ಮಾರಿಯೋನೇ ಸರಿ.

ಹೋದ ಯುಗಾದಿಗೆ ಅಣ್ಣ ಅಟ್ಟದಿಂದ ಯಂತ್ರ ಇಳಿಸಿ ಬೆಂಗಳೂರಿಗೆ ತಂದಿದ್ದ. ಬಿಳೀ ಪ್ಲಾಸ್ಟಿಕ್ಕು ಹಳದಿಗೆ ತಿರುಗಿತ್ತು. ಒಳಗೆ ಎರಡು ಕೆಪಾಸಿಟರುಗಳ ತಲೆ ಉಬ್ಬಿತ್ತು, ಎಸ್‌.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಹೊಸವು ಸಿಕ್ಕವು. ಹಲ್ಲುಗಳನ್ನು ಈ ಸಲ ರಬ್ಬರಿನಿಂದಲ್ಲ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿದೆವು. ರಬ್ಬರು ಇದ್ದಬದ್ದ ಲೇಪವನ್ನೂ ತೇಯುತ್ತದೆ. ಅಡಾಪ್ಟರಿಗೆ ಮೀಟರ್ ಹಿಡಿದಾಗ 9 ಅಂತ ಬರೆದದ್ದು 13 ತೋರಿಸಿತು. ಹೊರೆ ಇಲ್ಲದಾಗ ಆ ಕಾಲದ ಅಗ್ಗದ ಅಡಾಪ್ಟರುಗಳೆಲ್ಲ ಹಾಗೇ. ಅದನ್ನು ಬಿಟ್ಟು ಹೊಸದು ಹಾಕಿ, ಹಳದಿ ಕೆಂಪು ವೈರುಗಳನ್ನು ಟಿವಿಯ ಹಿಂದೆ ಸಿಕ್ಕಿಸಿದ್ದೇ ಕಾಂಟ್ರಾ ಬಂತು. ನನ್ನ ಬೇಗಡೆ ಇನ್ನೂ ಅಂಟಿಕೊಂಡೇ ಇತ್ತು.

ಬಾರದೇ ಹೋದದ್ದು ಗನ್ನು ಹಿಡಿದು ಆಡುವ ಬಾತುಕೋಳಿ ಬೇಟೆ. ಗುರಿಯಿಟ್ಟು ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳೀ ಚೌಕ ಮೂಡುತ್ತದೆ. ಗನ್ನಿನೊಳಗಿನ ಕಣ್ಣು ಆ ಬೆಳಕನ್ನು ಆ ಕ್ಷಣದಲ್ಲೇ ಹಿಡಿಯಬೇಕು. ಹಳೇ ಪಿಕ್ಚರ್ ಟ್ಯೂಬು ತಡಮಾಡದೆ ಬೆಳಕು ಬರೆಯುತ್ತಿತ್ತು. ಈಗಿನ ಚಪ್ಪಟೆ ಟಿವಿ ಚಿತ್ರವನ್ನು ಒಳಗೆ ಸಂಸ್ಕರಿಸಿ ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಗನ್ನು ನೋಡಿ ಮುಗಿಸಿರುತ್ತದೆ. ಗುರಿ ತಪ್ಪಿತೆಂದು ಆಟದೊಳಗಿನ ನಾಯಿ ನಗುತ್ತದೆ.

"ಒಂದು ಡಬ್ಬಾ ಟಿವಿ ಬೇಕು ಕಣೇ," ಅಂದ ಅಣ್ಣ. ಗುಜರಿಯವನಿಗೆ ಹೇಳಿಟ್ಟಿದ್ದಾನಂತೆ, 21 ಇಂಚಿನದು ಒಂದಿದೆಯಂತೆ, ಟ್ಯೂಬು ಚೆನ್ನಾಗಿದೆಯಂತೆ. ಒಳಗಿಂದ ಅತ್ತಿಗೆ ಬಂದರು. "ತನ್ನಿ, ಬೇಡ ಅನ್ನಲ್ಲ. ಫ್ರಿಜ್ ಎಲ್ಲಿಡಲಿ ಅಂತ ಹೇಳ್ಬಿಟ್ಟು ತನ್ನಿ."