ಆಯಿ ಕಾಲ ಮ್ಯಾಲೆ ಕುಂತ ಕೂಸು

ನಾವಿಬ್ಬರೂ ಒಂದೇ ಕ್ಲಾಸಿನಲ್ಲಿ ಪತ್ರಿಕೋದ್ಯಮ ಓದಿ, ಆಮೇಲೆ ಮದುವೆಯಾದವರು. ಒಬ್ಬರ ಊರು ರೋಣ ತಾಲೂಕಿನ ಹಳ್ಳಿ, ಇನ್ನೊಬ್ಬರದು ನರಗುಂದ. ಚೊಚ್ಚಲ ಬಾಣಂತನ ಅಂದಮೇಲೆ ತವರುಮನೆಯಲ್ಲೇ ಆಗಬೇಕಲ್ಲ, ಹಾಗಾಗಿ ಮಗಳು ಕಣ್ಣು ಬಿಟ್ಟಿದ್ದು ನರಗುಂದದಲ್ಲಿ.

ಎರಡು ತಿಂಗಳು ತುಂಬಿತ್ತೋ ಇಲ್ಲವೋ, ಒಂದು ಮುಂಜಾನೆ ಆಯಿ, ಅಂದರೆ ಕೂಸಿನ ತಾಯಿಯ ತಾಯಿ, ಬಚ್ಚಲ ಬಾಗಿಲಲ್ಲಿ ಎರಡೂ ಕಾಲು ಚಾಚಿ ಕೂತರು. ಪಾದ ಎರಡನ್ನೂ ಸ್ವಲ್ಪ ಅಗಲ ಮಾಡಿ, ಕೂಸನ್ನು ಅದರ ಮೇಲೆ ಕುಕ್ಕರಗಾಲಲ್ಲಿ ಕೂರಿಸಿದರು. ಕೂಸಿನ ಬೆನ್ನು ಆಯಿಯ ಮೊಣಕಾಲಿಗೆ ಆತುಕೊಂಡಿತ್ತು. ಬಾಯಲ್ಲಿ ‘ಸುಸ್ಸ್... ಸುಸ್ಸ್...’ ಅಂದರು. ಒಂದು ನಿಮಿಷವೂ ಆಗಿರಲಿಲ್ಲ, ಎರಡೂ ಕೆಲಸ ಮುಗಿದಿತ್ತು.

ನಾವು ನಕ್ಕೆವು. ‘ಯವ್ವಾ, ಎರಡ ತಿಂಗಳ ಕೂಸಿಗೆ ಏನ್ ತಿಳೀತೈತಿ? ಅದು ಆಗೋ ಹೊತ್ತಿಗೆ ನೀವು ಕುಂದ್ರಿಸೀರಿ, ಅಷ್ಟ’ ಅಂದೆವು.

‘ಹೌದು, ಅದು ಆಗೋ ಹೊತ್ತು ನನಗ ತಿಳೀತೈತಿ. ನಿಮಗ ತಿಳೀತೈತೇನು?’ ಅಂದರು ಆಯಿ.

ಆ ಮಾತಿನ ಬೆಲೆ ನಮಗೆ ಗೊತ್ತಾಗಿದ್ದು ಮೂರು ತಿಂಗಳ ನಂತರ. ಐದನೇ ತಿಂಗಳಿಗೆ ಕೂಸನ್ನು ರೋಣದ ಕಡೆಯ ನಮ್ಮ ಮನೆಗೆ ಕರೆತಂದೆವು. ಬಸ್ಸಿನಲ್ಲಿ ಡೈಪರ್ ಹಾಕಿದ್ದು, ಮನೆಗೆ ಬಂದ ಮೇಲೂ ಬಿಡಲಿಲ್ಲ. ಅರಿವಿ ತೊಳೆಯೋ ಕೆಲಸವಿಲ್ಲ, ಕೌದಿ ಹಸಿಯಾಗೋದಿಲ್ಲ, ರಾತ್ರಿ ನಿದ್ದೆ. ಹತ್ತು ರೂಪಾಯಿಯ ಡೈಪರ್ ದಿನಕ್ಕೆ ಐದು ಹಿಡಿದರೂ ತಿಂಗಳಿಗೆ 1500 ರೂಪಾಯಿ. ಅದನ್ನು ಉಳಿಸೋಕೆ ಹೋಗಿ ಒಂದೊಂದನ್ನು ರಾತ್ರಿಯಿಡೀ ಬಿಡತೊಡಗಿದೆವು. ಬೇಸಿಗೆ ಬೇರೆ. ಎರಿ ಭೂಮಿಯ ಬಿಸಿಲು ನಿಮಗೆ ಗೊತ್ತೇ ಇದೆ. ತೊಡೆಸಂದಿ ಕೆಂಪಾಗಿ, ಚರ್ಮ ಕಿತ್ತು, ನೀರು ತಾಗಿದರೆ ಕೂಸು ಚೀರುತ್ತಿತ್ತು.

ಫೋನಿನಲ್ಲಿ ಆಯಿ ಬೈಯಲಿಲ್ಲ. ‘ಮೊದಲ ಅದನ್ನ ಬಿಚ್ಚಿ ಗಾಳಿಗೆ ಬಿಡ್ರಿ. ಅದನ್ನ ಕಟ್ಟಿದರ ಕೂಸು ಹೇಳೋದ ಬಿಡ್ತೈತಿ, ನೀವೂ ಕೇಳೋದ ಬಿಡ್ತೀರಿ’ ಅಂದರು. ಬಿಚ್ಚಿದೆವು. ಹಸಿ ಆದ ಕೂಡಲೇ ತೊಳೆದು, ಒರೆಸಿ, ಆರಲು ಬಿಟ್ಟೆವು. ಕೆಲ ದಿನಕ್ಕೆ ಚರ್ಮ ಮೊದಲಿನಂತಾಯಿತು. ಡೈಪರ್ ಊರಿಗೆ ಹೋಗುವಾಗ ಮಾತ್ರ ಅಂತ ಗೊತ್ತುಮಾಡಿಕೊಂಡೆವು.

ಆಗ ಶುರುವಾಯಿತು ನಮ್ಮ ಪಾಠ. ಕೂಸಿಗಲ್ಲ, ನಮಗೆ.

ನೋಡುತ್ತಾ ಹೋದಂತೆ ಕೂಸು ಹೇಳುತ್ತಲೇ ಇದೆ ಅನ್ನೋದು ತಿಳಿಯಿತು. ನಿದ್ದೆಯಿಂದ ಎದ್ದ ಸ್ವಲ್ಪ ಹೊತ್ತಿನಲ್ಲಿ ಉಚ್ಚಿ. ಹಾಲು ಕುಡಿದ ಐದು ಹತ್ತು ನಿಮಿಷಕ್ಕೆ ಕಕ್ಕ, ಯಾಕಂದರೆ ಹೊಟ್ಟೆಗೆ ಹಾಲು ಇಳಿದರೆ ಕೆಳಗಿನ ಕರುಳೂ ಕೆಲಸಕ್ಕೆ ಹತ್ತುತ್ತದೆ. ಆಡುತ್ತಿದ್ದುದು ಸುಮ್ಮನಾಗಿ ಒಂದೇ ಕಡೆ ದಿಟ್ಟಿಸುತ್ತದೆ, ಮುಖ ಕೆಂಪಾಗುತ್ತದೆ, ಮುಲುಕುತ್ತದೆ. ಆಗ ಎತ್ತಿ ಕಾಲ ಮೇಲೆ ಕೂರಿಸಿ ‘ಸುಸ್ಸ್’ ಅಂದರೆ ಹತ್ತರಲ್ಲಿ ಐದಾರು ಸಲ ಆಗುತ್ತದೆ. ಎರಡು ನಿಮಿಷ ನೋಡಿ, ಆಗದಿದ್ದರೆ ಎತ್ತಿಬಿಡುತ್ತೇವೆ. ಒತ್ತಾಯವಿಲ್ಲ, ಗದರಿಕೆಯಿಲ್ಲ. ಹೆದರಿದ ಕೂಸು ತಡೆಹಿಡಿಯಲು ಕಲಿತರೆ ಮಲ ಗಟ್ಟಿಯಾಗುತ್ತದೆ.

ರಜೆ ಮುಗಿದ ಮೇಲೆ ಮುಂಜಾನೆಯ ಸರದಿ ಅಪ್ಪನದು. ಮೊದಲ ಸಲ ಅಪ್ಪ ಕಾಲು ಚಾಚಿ ಕೂತಾಗ ಬಾಜೂ ಮನೆಯ ಕಾಕಾ ಗೋಡೆ ಮೇಲಿಂದ ಇಣುಕಿ, ‘ಏನಪಾ, ಬಾಣಂತನ ನಿಂದೇನು?’ ಅಂದರು. ಈಗ ಅವರೇ ‘ಆತೇನಪಾ?’ ಅಂತ ಕೇಳಿ ಮುಂದೆ ಹೋಗುತ್ತಾರೆ.

ಓದಿದವರಲ್ಲವೇ, ಇದರ ಬಗ್ಗೆ ಹುಡುಕಿಯೂ ನೋಡಿದೆವು. ಅಮೆರಿಕದಲ್ಲಿ ಪ್ಯಾಂಪರ್ಸ್ ಬಂದದ್ದು 1961ರಲ್ಲಿ. ಮರುವರ್ಷವೇ ಬ್ರೇಜಲ್ಟನ್ ಎಂಬ ಮಕ್ಕಳ ವೈದ್ಯರು, ಮಗು ತಾನಾಗಿ ತಯಾರಾಗುವ ತನಕ ಕಾಯಿರಿ ಎಂದು ಬರೆದರು. ಅಲ್ಲಿ ಅದೇ ಪದ್ಧತಿಯಾಯಿತು. ಆದರೆ 1977ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯಲ್ಲೇ ಪೂರ್ವ ಆಫ್ರಿಕಾದ ಡಿಗೋ ಜನರ ಬಗ್ಗೆ ಒಂದು ಅಧ್ಯಯನ ಬಂತು. ಅಲ್ಲಿನ ತಾಯಂದಿರು ನೆಲದ ಮೇಲೆ ಕಾಲು ಚಾಚಿ ಕೂತು, ಹುಟ್ಟಿ ಕೆಲವೇ ವಾರದ ಕೂಸನ್ನು ಕಾಲ ನಡುವೆ ಕೂರಿಸಿ, ಬಾಯಿಂದ ‘ಶೂಸ್’ ಅನ್ನುತ್ತಿದ್ದರಂತೆ. ಓದಿದಾಗ ನರಗುಂದದ ಬಚ್ಚಲೇ ಕಣ್ಣ ಮುಂದೆ ಬಂತು.

ಹಾಗಂತ ಆರು ತಿಂಗಳಿಗೆ ಕೂಸು ಎಲ್ಲ ಕಲಿಯಿತು ಅಂತ ಹೇಳುವುದು ಸುಳ್ಳು. ಬೇಕೆಂದಾಗ ತಡೆದು, ಬೇಕೆಂದಾಗ ಬಿಡುವ ಹಿಡಿತ ಹೆಚ್ಚಿನ ಮಕ್ಕಳಿಗೆ ಬರುವುದು ಒಂದೂವರೆ, ಎರಡು ವರ್ಷದ ಮೇಲೆಯೇ. ಅಲ್ಲಿಯವರೆಗೆ ಕಾಲ ಮೇಲೆ ಕೂರಿಸುವುದು ಕೂಸು ಮತ್ತು ದೊಡ್ಡವರ ನಡುವಿನ ಮಾತುಕತೆ, ಅಷ್ಟೇ.

ಈ ಮಾತುಕತೆಗೆ ಹೊತ್ತು ಬೇಕು. ಎಲ್ಲರಿಗೂ ಅದು ಇರುವುದಿಲ್ಲ ಅಂತ ತಿಳಿಸಿದವರು ಗಜೇಂದ್ರಗಡದಲ್ಲಿರುವ ಆಯಿಯ ಅಕ್ಕ. ಕೂಸನ್ನು ತೋರಿಸಲು ಹೋದಾಗ ನಮ್ಮ ಹೊಸ ವಿದ್ಯೆಯನ್ನು ಹೇಳಿಕೊಂಡೆವು. ಅವರು ವಯಸ್ಸಿದ್ದಾಗ ಸೀರೆ ನೇಯ್ದವರು. ‘ನನ್ನ ಕಾಲು ಮಗ್ಗದ ಕುಣಿಯಾಗ ಇರ್ತಿದ್ದುವು ತಂಗಿ. ಕೂಸಿನ ಕೆಳಗ ನನ್ನ ದೊಡ್ಡ ಮಗಳ ಕಾಲು. ಆಕಿಗೆ ಆಗ ಏಳು ವರ್ಷ, ಸಾಲಿ ಬಿಡಿಸಿದ್ದೆ’ ಅಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಅಂದಿನಿಂದ ಹೊಲಕ್ಕೆ ಕಸ ತೆಗೆಯಲು ಹೋಗುವ ತಾಯಿ ಡೈಪರ್ ಕಟ್ಟಿದರೆ ನಾವು ಬಾಯಿ ತೆಗೆಯುವುದಿಲ್ಲ. ಕಟ್ಟಿದ್ದನ್ನು ಆಗಾಗ ಬದಲಿಸಿದರೆ, ರಾತ್ರಿಯಿಡೀ ಬಿಡದಿದ್ದರೆ ಸಾಕು.

ಇನ್ನು ನಮ್ಮ ದೊಡ್ಡ ತಪ್ಪು ಹೇಳಬೇಕು.

ನಮ್ಮ ಮನೆಯ ಸಂಡಾಸು ಸ್ವಚ್ಛ ಭಾರತದ 12,000 ರೂಪಾಯಿಗೆ ಕೈಯಿಂದ ಒಂದಿಷ್ಟು ಸೇರಿಸಿ ಕಟ್ಟಿಸಿದ್ದು. ಮನೆಯ ಐದೂ ಜನ ಅದನ್ನೇ ಬಳಸುತ್ತೇವೆ. ಬಯಲಕಡೆ ಹೋಗಬೇಡಿ ಅಂತ ನಾವೇ ಬರೆದಿದ್ದೇವೆ. ಆದರೆ ಆರನೆಯವಳ ಹೊಲಸು ಎಲ್ಲಿಗೆ ಹೋಗುತ್ತಿತ್ತು? ಬೂದಿ ಹಾಕಿ ಬಳಿದು ಹಿತ್ತಲ ತಿಪ್ಪಿಗೆ. ಅರಿವಿ ತೊಳೆದ ನೀರು ಮನೆ ಮುಂದಿನ ಗಟಾರಕ್ಕೆ. ‘ಹಾಲು ಕುಡಿಯೋ ಕೂಸಿಂದು ಏನ್ ಹೊಲಸವಾ?’ ಅನ್ನೋದು ಹಿರಿಯರ ಮಾತು. ನಾವೂ ಅದನ್ನೇ ನಂಬಿದ್ದೆವು.

ಎಂಟನೇ ತಿಂಗಳಲ್ಲಿ ಕೂಸು ಅಂಬೆಗಾಲಿಟ್ಟು ಹಿತ್ತಲಿಗೂ ಹೋಗತೊಡಗಿತು. ಕೈಗೆ ಸಿಕ್ಕಿದ್ದು ಬಾಯಿಗೆ. ಒಂದು ರಾತ್ರಿ ಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಏಳೆಂಟು ಸಲ. ಕಣ್ಣು ಒಳಗೆ ಹೋಗಿದ್ದವು. ಮೊದಲು ನಮಗೆ ಹೆದರಿಕೆ ಹುಟ್ಟಿಸಿದ್ದು ಭೇದಿಯಲ್ಲ, ಕೂಸು ನಿದ್ದೆಯಿಂದ ಎದ್ದು ಎಷ್ಟೋ ಹೊತ್ತಾದರೂ ಉಚ್ಚಿ ಮಾಡಲಿಲ್ಲ ಅನ್ನೋದು. ಕಾಲ ಮೇಲೆ ಕೂರಿಸುವ ರೂಢಿ ಇದ್ದುದರಿಂದಲೇ ಅದು ನಮಗೆ ತಿಳಿಯಿತು. ಮೈಯಲ್ಲಿ ನೀರು ಬತ್ತುತ್ತಿರುವ ಗುರುತು ಅದು.

ಆಶಾ ಅಕ್ಕ ಓಡಿ ಬಂದರು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೂರ್ತಿ ಓಆರ್‌ಎಸ್ ಪಾಕೀಟು ಕಲಸಿ, ಚಮಚದಲ್ಲಿ ಬಿಟ್ಟು ಬಿಟ್ಟು ಕುಡಿಸಿದರು. ಎದೆಹಾಲು ನಿಲ್ಲಿಸಬೇಡಿ ಅಂದರು. ನಮ್ಮನ್ನು ಆಸ್ಪತ್ರೆಗೂ ಕಳಿಸಿದರು. ಅಲ್ಲಿ ಝಿಂಕ್ ಮಾತ್ರೆ ಕೊಟ್ಟು, ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ ಅಂದರು. ಮಧ್ಯಾಹ್ನದ ಹೊತ್ತಿಗೆ ಕೂಸು ಉಚ್ಚಿ ಮಾಡಿತು. ಮನೆ ಮಂದಿಯೆಲ್ಲ ಅದನ್ನು ನೋಡಿ ಕುಣಿಯುವುದೊಂದು ಬಾಕಿ.

ಮೂರು ದಿನ ಬಿಟ್ಟು ಆಶಾ ಅಕ್ಕ ಮತ್ತೆ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ. ‘ಕೂಸಿಂದು ಎಲ್ಲಿ ಚೆಲ್ಲತೀರಿ?’

ಭೇದಿ ಯಾವುದರಿಂದ ಬಂತು ಅಂತ ಬೆರಳಿಟ್ಟು ಹೇಳಲಾಗದು. ಆದರೆ ಕೂಸಿನ ಹೊಲಸಿನಲ್ಲೂ ರೋಗದ ಹುಳ ಇರುತ್ತವೆ. ತಿಪ್ಪಿ ಮೇಲಿನ ನೊಣ, ಕೋಳಿಯ ಕಾಲು, ನಮ್ಮ ಕೈ, ಎಲ್ಲದರಿಂದಲೂ ಅದು ಮತ್ತೆ ಕೂಸಿನ ಬಾಯಿಗೇ ಬರುತ್ತದೆ. ಅಷ್ಟು ತಿಳಿದ ಮೇಲೆ ನಮಗೆ ತಿಪ್ಪಿ ಕಡೆ ಮುಖ ಹಾಕಲು ಮನಸ್ಸಾಗಲಿಲ್ಲ.

ಈಗ ಪೇಟೆಯಿಂದ ತಂದ ಪ್ಲಾಸ್ಟಿಕ್ಕಿನ ‘ಬೇಬಿ ಪಾಟಿ’ ಇದೆ. ಕೂಸು ಆಸರೆಯಿಲ್ಲದೆ ಕೂಡಲು ಕಲಿತ ಮೇಲೆ ತಂದದ್ದು. ಮೊದಲ ದಿನ ತಣ್ಣಗಿದೆ ಅಂತ ಅತ್ತಿತು. ಅಂಚಿಗೆ ಹಳೇ ಅರಿವಿ ಸುತ್ತಿ, ಹಿಂದೆ ನಾವೇ ಕಾಲು ಚಾಚಿ ಕೂತೆವು. ಬೆನ್ನಿಗೆ ಪರಿಚಯದ ಮೊಣಕಾಲು ಸಿಕ್ಕಿತು, ಸುಮ್ಮನಾಯಿತು. ಮುಗಿದ ಕೂಡಲೇ ಪಾಟಿಯಲ್ಲಿದ್ದದ್ದು ಸಂಡಾಸಿಗೆ, ಪಾಟಿ ತೊಳೆದ ನೀರೂ ಸಂಡಾಸಿಗೆ, ಆಮೇಲೆ ಸಾಬೂನಿನಿಂದ ಕೈ. ಕೂಸಿನದೂ, ನಮ್ಮದೂ.

ನರಗುಂದದ ಆಯಿಗೆ ತಿಪ್ಪಿಯ ಮಾತು ಹೇಳುವುದೇ ಕಷ್ಟವಾಗಿತ್ತು. ಕಲಿಸಿದವರಿಗೇ ತಿದ್ದುವುದೆಂದರೆ! ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಕಾಲಕ್ಕ ಸಂಡಾಸ ಎಲ್ಲಿತ್ತವಾ ಮನ್ಯಾಗ? ಇದ್ದಿದ್ದರ ನಾವೂ ಅದರಾಗ ಹಾಕತಿದ್ವಿ’ ಅಂದರು.

ಮಗಳಿಗೀಗ ಹದಿನಾಲ್ಕು ತಿಂಗಳು. ಇವತ್ತು ಮುಂಜಾನೆ ಪಾಟಿಯ ಹತ್ತಿರ ತಾನೇ ಹೋಗಿ ‘ಸುಸ್ಸ್’ ಅಂದಳು. ನಾವು ಓಡಿ ಹೋಗುವಷ್ಟರಲ್ಲಿ ಪಾಟಿಯ ಬಾಜೂಕ ನಿಂತು ಮಾಡಿ ಮುಗಿಸಿದ್ದಳು. ಒರೆಸಿದೆವು.