ಮೆಟ್ಟಿಲು ಒಳಗೋ ಹೊರಗೋ

ಇಂಗ್ಲೆಂಡಿನಲ್ಲಿ ಬಂಗಲೆ ಎಂದರೆ ಒಂದೇ ಅಂತಸ್ತಿನ ಮನೆ. ಮೆಟ್ಟಿಲಿಲ್ಲದಿರುವುದೇ ಅದರ ಲಕ್ಷಣ. ಶಬ್ದ ಹೋದದ್ದು ನಮ್ಮ ಕಡೆಯಿಂದಲೇ. ಬಂಗಾಳದ ಮಾದರಿಯ ತಗ್ಗು ಮನೆಗೆ ‘ಬಂಗ್ಲಾ’ ಎನ್ನುತ್ತಿದ್ದರು, ಕಂಪನಿಯ ಕಾಲದಲ್ಲಿ ಅದು ಇಂಗ್ಲಿಷಿಗೆ ಸೇರಿತು. ಕನ್ನಡದ ಬಂಗಲೆ ಮಾತ್ರ ಬೇರೆಯೇ. ನಮಗದು ದೊಡ್ಡವರ ಮನೆ: ಡಿ.ಸಿ. ಬಂಗಲೆ, ಸಾಹುಕಾರರ ಬಂಗಲೆ, ಸಿನಿಮಾದಲ್ಲಿ ಖಳನಾಯಕ ರೇಷ್ಮೆ ಗೌನು ತೊಟ್ಟು ಸುರುಳಿ ಮೆಟ್ಟಿಲಿಳಿದು ಬರುವ ಬಂಗಲೆ. ಮೆಟ್ಟಿಲಿಲ್ಲದ ಬಂಗಲೆಯನ್ನು ನಾವು ಊಹಿಸುವುದೇ ಇಲ್ಲ.

ಹೊರಗಿನಿಂದ ಬಂದ ಶಬ್ದಗಳು ಕನ್ನಡದಲ್ಲಿ ಹೇಗೆ ಅರ್ಥ ಬದಲಿಸುತ್ತವೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಹಾಗಾಗಿ ಇಂಥದ್ದನ್ನೆಲ್ಲ ಚೀಟಿಯಲ್ಲಿ ಬರೆದಿಡುವ ಚಟ. ‘ಅಂತಸ್ತು’ ಎಂಬ ಶಬ್ದಕ್ಕೂ ಒಂದು ಚೀಟಿ ಇದೆ. ಕಟ್ಟಡಕ್ಕೆ ಎಷ್ಟು ಅಂತಸ್ತು ಎಂದು ಕೇಳುತ್ತೇವೆ, ಬೀಗರ ಆಸ್ತಿ ಅಂತಸ್ತು ಏನು ಎಂದೂ ಕೇಳುತ್ತೇವೆ. ಮನೆಯ ಎತ್ತರಕ್ಕೂ ಮನುಷ್ಯನ ಎತ್ತರಕ್ಕೂ ಒಂದೇ ಶಬ್ದ ಸಾಕಾಗಿದೆ. ಕಳೆದ ವರ್ಷ ನಿವೃತ್ತರಾದ ಅಪ್ಪ ಧಾರವಾಡದ ನಮ್ಮ ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿಸುತ್ತೇನೆಂದು ಹೊರಟಾಗ, ಈ ಎರಡು ಅರ್ಥಗಳಲ್ಲಿ ಅವರ ಮನಸ್ಸಿನಲ್ಲಿರುವುದು ಯಾವುದೆಂದು ನನಗೆ ತಿಳಿಯಲಿಲ್ಲ.

ವಿಚಿತ್ರವೆಂದರೆ, ಇಂಗ್ಲೆಂಡಿನಲ್ಲಿ ವಯಸ್ಸಾದವರು ಮೆಟ್ಟಿಲು ಹತ್ತಲಾಗದೆಂದು ಬಂಗಲೆ ಹುಡುಕುತ್ತಾರೆ. ನಮ್ಮಲ್ಲಿ ಸರಿಯಾಗಿ ಆ ವಯಸ್ಸಿಗೇ ಮೆಟ್ಟಿಲು ಕಟ್ಟಿಸುತ್ತಾರೆ. ಕಾರಣ ಸರಳ. ಸಂಬಳದವನ ಕೈಗೆ ಒಟ್ಟಿಗೆ ದುಡ್ಡು ಬರುವುದು ನಿವೃತ್ತಿಯ ದಿನ. ಮೂವತ್ತು ವರ್ಷ ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಅಪ್ಪನಿಗೆ ಪಿಂಚಣಿ ಎಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪಿ.ಎಫ್., ಗ್ರಾಚ್ಯುಟಿ ಸೇರಿ ಬಂದದ್ದನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನಬೇಕು, ಇಲ್ಲವೇ ಇಟ್ಟಿಗೆಗೆ ಹಾಕಬೇಕು. ಮೊಣಕಾಲು ಕೈಕೊಡುವ ವರ್ಷವೂ ಮೇಲಿನ ಮನೆಯ ವರ್ಷವೂ ಒಂದೇ ಆಗುವುದು ಹೀಗೆ.

ನಮ್ಮ ಮನೆ 30-40ರ ಸೈಟಿನಲ್ಲಿ 1999ರಲ್ಲಿ ಕಟ್ಟಿದ್ದು. ಆಗ ನನಗೆ ಎರಡು ವರ್ಷ, ಅಣ್ಣನಿಗೆ ಏಳು. ಮನೆಯ ನಕ್ಷೆ ಕಪಾಟಿನಲ್ಲಿ ಸೀರೆಗಳ ಕೆಳಗೆ ಇನ್ನೂ ಇದೆ. ಅಮೋನಿಯಾ ವಾಸನೆ ಹೋಗಿದ್ದರೂ ನೀಲಿ ಗೆರೆ ಅಳಿಸಿಲ್ಲ. ಕೆಳಗಿನ ಮನೆ ಗಟ್ಟಿ ಗೆರೆಯಲ್ಲಿದೆ, ಮೇಲಿನದು ಚುಕ್ಕಿಗೆರೆಯಲ್ಲಿ. ಹಾಲಿನ ಮೂಲೆಯಿಂದ ಒಂದು ಮೆಟ್ಟಿಲು ಚುಕ್ಕಿಚುಕ್ಕಿಯಾಗಿ ಮೇಲೇರುತ್ತದೆ. ಅದರ ಪಕ್ಕ ಇಂಗ್ಲಿಷಿನಲ್ಲಿ ಬರೆದಿರುವುದು ಒಂದೇ ಶಬ್ದ: ಫ್ಯೂಚರ್. ಆ ಫ್ಯೂಚರ್‌ಗೆಂದು ತಾರಸಿಯ ಮೇಲೆ ಒಂಬತ್ತು ಕಂಬಗಳಿಂದ ಮೂರು ಮೂರಡಿ ಸರಳು ಬಿಟ್ಟಿದ್ದರು. ನಮ್ಮ ಓಣಿಯ ಯಾವ ತಾರಸಿಯ ಮೇಲೆ ನಿಂತರೂ ಇಂಥ ಸರಳುಗಳ ಕಾಡೇ ಕಾಣುತ್ತದೆ. ಕೆಲವರು ಅವಕ್ಕೆ ಸಿಮೆಂಟ್ ಹಾಲು ಬಳಿದಿದ್ದಾರೆ, ಕೆಲವರು ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕಿದ್ದಾರೆ, ಉಳಿದವರು ಬಟ್ಟೆಯ ಹಗ್ಗ ಕಟ್ಟಿದ್ದಾರೆ. ಹುಡುಗರಿದ್ದ ಮನೆಯಲ್ಲಿ ಆ ಸರಳು ಯಾರಿಗೆಂದು ಯಾರೂ ಕೇಳುತ್ತಿರಲಿಲ್ಲ. ‘ಕೆಳಗ ನಾವು, ಮ್ಯಾಲ ಮಗ’ ಎಂಬುದು ಅಪ್ಪನ ಮಾತು.

ನವಲಗುಂದದ ಕಡೆಯ ನಮ್ಮ ಅಜ್ಜನ ಮನೆಗೆ ಇಂಥ ಭವಿಷ್ಯವೇ ಇರಲಿಲ್ಲ. ಅದು ಮಣ್ಣಿನ ಮಾಳಿಗೆಯ ಮನೆ: ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಹದಮಾಡಿದ ಮಣ್ಣು, ನಡುವೆ ಬೆಳಕಿಂಡಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ಸರಿಮಾಡಬೇಕು. ಶ್ಯಾವಿಗೆ, ಹಪ್ಪಳ, ಮೆಣಸಿನಕಾಯಿ ಒಣಗುವುದು, ಬೇಸಿಗೆಯಲ್ಲಿ ಮಲಗುವುದು ಅಲ್ಲೇ. ಮೇಲಿನ ಜಾಗ ಮುಂದಿನವರಿಗಾಗಿ ಕಾಯುತ್ತಿರಲಿಲ್ಲ, ಇದ್ದವರೇ ಅದನ್ನು ಬಳಸುತ್ತಿದ್ದರು. ಸರಳು ಬಿಟ್ಟು ಕಾಯುವುದು ಆರ್‌ಸಿಸಿ ನಮಗೆ ಕಲಿಸಿದ ರೂಢಿ.

ಮೇಸ್ತ್ರಿ ನಾಳೆಯೇ ಶುರುಮಾಡೋಣ ಎಂದ. ಅಮ್ಮ ಒಪ್ಪಲಿಲ್ಲ. 2019ರ ಮಾರ್ಚ್ 19ರಂದು ನಮ್ಮೂರಿನ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತದ್ದನ್ನು ಧಾರವಾಡದವರು ಮರೆತಿಲ್ಲ. ಆ ವಾರ ಇಡೀ ಊರು ಟೀವಿ ಮುಂದೆ ಕೂತು, ಅವಶೇಷದಿಂದ ಒಬ್ಬೊಬ್ಬರನ್ನೇ ತೆಗೆಯುವುದನ್ನು ನೋಡಿತ್ತು. ‘ಮೇಸ್ತ್ರಿ ಕಣ್ಣಳತೆ ಸಾಲೂದಿಲ್ಲ’ ಎಂದು ಅಮ್ಮ ಹಟ ಹಿಡಿದ ಮೇಲೆ ಅಪ್ಪ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದರು.

ಆತ ಮೊದಲು ನೋಡಿದ್ದು ಮೇಲಲ್ಲ, ಕೆಳಗೆ. ಮೂಲೆಯ ಕಂಬದ ಬುಡ ಅಗೆಸಿ ಪಾಯದ ಅಳತೆ ತೆಗೆದ. ಧಾರವಾಡದ ಪಶ್ಚಿಮಕ್ಕೆ ಕೆಂಪುಮಣ್ಣು, ಹುಬ್ಬಳ್ಳಿ ನವಲಗುಂದದ ಕಡೆ ಹೋದಂತೆ ಎರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಮನೆಯನ್ನೂ ತನ್ನೊಂದಿಗೆ ಆಡಿಸುತ್ತದೆ. ನಮ್ಮ ಪುಣ್ಯಕ್ಕೆ ಐದು ಅಡಿಗೆ ಗಟ್ಟಿ ಗರಸು ಸಿಕ್ಕಿತು. ಆಮೇಲೆ ರಿಬೌಂಡ್ ಹ್ಯಾಮರ್ ಎಂಬ ಉಪಕರಣವನ್ನು ಕಂಬಕ್ಕೆ ಒತ್ತಿ ಒತ್ತಿ ಅಂಕಿ ಬರೆದುಕೊಂಡ. ಒಳಗಿನ ಸ್ಪ್ರಿಂಗಿನ ಗುಂಡು ಕಾಂಕ್ರೀಟಿಗೆ ಬಡಿದು ಎಷ್ಟು ಪುಟಿಯುತ್ತದೆ ಎಂಬುದರಿಂದ ಮೇಲ್ಮೈ ಎಷ್ಟು ಗಟ್ಟಿ ಎಂದು ಅಂದಾಜು ಮಾಡುತ್ತಾರೆ. ಡಾಕ್ಟರು ಬೆನ್ನು ತಟ್ಟಿ ಎದೆಯ ಸದ್ದು ಕೇಳುವಂತೆ ಇತ್ತು.

ಆಮೇಲೆ ಲೆಕ್ಕ. ಅಪ್ಪ ಗಣಿತದ ಮಾಸ್ತರರಾದ್ದರಿಂದ ಇಬ್ಬರೂ ಕೂತು ಹಾಳೆ ತುಂಬಿಸಿದರು. ಒಂದು ಘನ ಮೀಟರ್ ಆರ್‌ಸಿಸಿ ಎಂದರೆ ಸುಮಾರು 2,500 ಕೆ.ಜಿ. ಐದಿಂಚಿನ ತಾರಸಿ ಚದರ ಮೀಟರಿಗೆ 300 ಕೆ.ಜಿ.ಗೂ ಮಿಕ್ಕಿ ತೂಗುತ್ತದೆ. 900 ಚದರಡಿಯ ತಾರಸಿಗೆ ಇಪ್ಪತ್ತೈದು ಟನ್ ದಾಟುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಹತ್ತಡಿ ಎತ್ತರಕ್ಕೆ, ಬರೀ ಒಂದಡಿ ಉದ್ದಕ್ಕೆ, 400 ಕೆ.ಜಿ. ಅದರ ಬದಲು ಆರಿಂಚಿನ ಹಗುರ ಎಎಸಿ ಬ್ಲಾಕ್ ಕಟ್ಟಿದರೆ ಅದೇ ಒಂದಡಿ ನೂರು ಕೆ.ಜಿ.ಯ ಆಸುಪಾಸು. ಇಷ್ಟಾದ ಮೇಲೆ ಮನುಷ್ಯರು, ಮಂಚ, ಕಪಾಟುಗಳಿಗೆಂದು ಚದರ ಮೀಟರಿಗೆ 200 ಕೆ.ಜಿ. ಸೇರಿಸಬೇಕು. ನಾಲ್ಕು ಜನರ ಸಂಸಾರಕ್ಕಿಂತ ಅವರನ್ನು ಮುಚ್ಚಿಡುವ ಗೋಡೆಗಳೇ ಎಷ್ಟೋ ಪಟ್ಟು ಭಾರ ಎಂಬುದು ಆ ಹಾಳೆಯಲ್ಲಿ ನನಗೆ ಕಂಡದ್ದು.

ಕೊನೆಗೆ ಸರಳು ನೋಡಿದ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಅದರ ಕ್ಷಾರವೇ ರಕ್ಷೆ. ಹೊರಗೆ ನಿಂತದ್ದಕ್ಕೆ ಯಾವ ರಕ್ಷೆಯೂ ಇಲ್ಲ. ಇಪ್ಪತ್ತೈದು ಮಳೆಗಾಲ ಕಂಡ ಸರಳನ್ನು ಉಗುರಿನಿಂದ ಕೆರೆದರೆ ಹಪ್ಪಳದಂತೆ ಪದರು ಏಳುತ್ತಿತ್ತು. ಹೊಸ ಸರಳನ್ನು ಹಳೆಯದಕ್ಕೆ ಕಟ್ಟಲು 12 ಎಂ.ಎಂ. ದಪ್ಪಕ್ಕೆ ಸುಮಾರು ಎರಡಡಿ ಆರೋಗ್ಯದ ಕಬ್ಬಿಣ ಬೇಕು. ನಾಲ್ಕು ಕಂಬಗಳಲ್ಲಿ ಅಷ್ಟು ಉಳಿದಿರಲಿಲ್ಲ. ಅಲ್ಲಿ ಕೊರೆದು ಎಪಾಕ್ಸಿ ಹಾಕಿ ಹೊಸದನ್ನೇ ಕೂರಿಸಬೇಕು ಎಂದ. ತೀರ್ಪು: ಒಂದು ಅಂತಸ್ತು ಆಗುತ್ತದೆ, ಹಗುರ ಬ್ಲಾಕಿನಲ್ಲಿ, ಅದರ ಮೇಲೆ ಇನ್ನೇನೂ ಇಲ್ಲ.

ಹೋಗುವಾಗ ಒಂದು ಪ್ರಶ್ನೆ ಕೇಳಿದ. ‘ಸ್ಟೇರ್‌ಕೇಸ್ ಒಳಗ ಬೇಕೋ ಹೊರಗೋ? ಅದು ಮೊದಲ ಹೇಳ್ರಿ, ಡ್ರಾಯಿಂಗ್ ಅದರ ಮ್ಯಾಲೇ ನಿಂತದ.’

ಪಾಯ, ಕಂಬ, ಸರಳುಗಳ ಪ್ರಶ್ನೆಗೆ ಎರಡು ವಾರದಲ್ಲಿ ಉತ್ತರ ಸಿಕ್ಕಿತ್ತು. ಇದಕ್ಕೆ ಎರಡು ತಿಂಗಳಾಯಿತು. ಮೆಟ್ಟಿಲು ಒಳಗಿದ್ದರೆ ಮೇಲಿನ ಮನೆ ನಮ್ಮದೇ ಭಾಗ. ಮಗನ ಸಂಸಾರ, ಮೊಮ್ಮಕ್ಕಳು ಇಳಿದು ಬಂದು ಕೆಳಗೆ ಉಣ್ಣುತ್ತಾರೆ. ಮೆಟ್ಟಿಲು ಹೊರಗಿದ್ದರೆ ಅದು ಬಾಡಿಗೆ ಮನೆ. ಬೇರೆ ಮೀಟರ್, ಬೇರೆ ಗೇಟು, ತಿಂಗಳ ಐದಕ್ಕೆ ದುಡ್ಡು. ಮೇಲಿನ ಮನೆ ಯಾರಿಗೆ ಎಂಬುದನ್ನು ನಮ್ಮ ಮನೆಯಲ್ಲಿ ನೇರವಾಗಿ ಯಾರೂ ಕೇಳಿರಲಿಲ್ಲ. ಮೆಟ್ಟಿಲಿನ ನೆವದಲ್ಲಿ ಕೇಳಲೇಬೇಕಾಯಿತು.

ಅಣ್ಣ ಟೊರಾಂಟೊದಲ್ಲಿದ್ದಾನೆ. ವಿಡಿಯೊ ಕಾಲ್‌ನಲ್ಲಿ ‘ನಿಮಗ ಹೆಂಗ ಅನುಕೂಲೋ ಹಂಗ ಮಾಡ್ರಿ’ ಎಂದ. ಅದು ಒಳ್ಳೆಯ ಮಾತೇ. ಆದರೆ ಬರುತ್ತೇನೆ ಎನ್ನುವವನು ಆಡುವ ಮಾತಲ್ಲ. ಅಪ್ಪನ ಭಾಷೆ ಆ ದಿನದಿಂದ ಬದಲಾಯಿತು. ಇಪ್ಪತ್ತೈದು ವರ್ಷ ‘ಮಗಗ’ ಎಂದವರು ‘ಮಕ್ಕಳಿಗೆ’ ಎನ್ನತೊಡಗಿದರು. ಏಕವಚನ ಬಹುವಚನವಾಗುವಲ್ಲಿ ನನಗೂ ಒಂದು ಜಾಗ ಹುಟ್ಟಿತು. ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಚುಕ್ಕಿಗೆರೆಯ ಆ ಮನೆಯಲ್ಲಿ ಹೆಣ್ಣುಮಗಳ ಕೋಣೆಯೇ ಇರಲಿಲ್ಲ.

ಒಂದು ಸಂಜೆ ಅಪ್ಪ ನೇರವಾಗಿಯೇ ಕೇಳಿದರು. ‘ನೀ ಬರ್ತೀಯೇನು? ಬರ್ತೀ ಅಂದ್ರ ಒಳಗ ಮೆಟ್ಟಲಾ ಹಾಕಸ್ತೀನಿ.’

ನನ್ನ ಫೆಲೋಶಿಪ್ ಮುಗಿಯಲು ಹದಿನಾಲ್ಕು ತಿಂಗಳಿತ್ತು. ಆಮೇಲೆ ಎಲ್ಲಿ ಕೆಲಸ, ಸಿಗುತ್ತದೋ ಇಲ್ಲವೋ, ಸಿಕ್ಕರೆ ಅದು ಅತಿಥಿ ಉಪನ್ಯಾಸಕಿಯದೋ, ಯಾವ ಜಿಲ್ಲೆಯದೋ. ಹೂಂ ಎಂದುಬಿಡುವುದು ಸುಲಭವಿತ್ತು. ಆ ಹೂಂ ಮೇಲೆ ಹಲವು ಟನ್ ಭಾರ ಕೂರುತ್ತದೆ ಎಂಬುದನ್ನು ನಾನು ಆ ಹಾಳೆಯಲ್ಲಿ ನೋಡಿದ್ದೆ. ‘ಕೆಲಸ ಎಲ್ಲಿ ಸಿಗ್ತದೋ ಅಲ್ಲಿ ಇರ್ತೀನಪ್ಪ. ಇಲ್ಲೇ ಇರ್ತೀನಿ ಅಂತ ಹೇಳಾಕಾಗೂದಿಲ್ಲ’ ಎಂದೆ. ಅವರು ತಲೆಯಾಡಿಸಿ ಗೇಟಿಗೆ ಚಿಲಕ ಹಾಕಲು ಎದ್ದು ಹೋದರು. ಚಿಲಕ ಆಗಲೇ ಹಾಕಿತ್ತು.

ತೀರ್ಮಾನ ಕೊಟ್ಟವಳು ಅಮ್ಮ. ಅಪ್ಪ ಇನ್ನೂ ‘ಬ್ಯಾರೆ ಮೆಟ್ಟಲಾ ಅಂದ್ರ ಬ್ಯಾರೆ ಮನಿ ಅಂದಂಗ’ ಎಂದು ಗೊಣಗುತ್ತಿದ್ದಾಗ, ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: ‘ಮ್ಯಾಲ ಯಾರರ ಇರ್ತಾರ ಅಂದ್ರ ಒಳಗ ಇರಲಿ. ಯಾರೂ ಇರೂದಿಲ್ಲ ಅಂದ್ರ ನಾ ದಿನಾ ಖಾಲಿ ಮೆಟ್ಟಲಾ ನೋಡ್ಕೋತ ಕುಂದ್ರಬೇಕೇನು? ನನ್ನ ಮೊಣಕಾಲಿಗೆ ಇಪ್ಪತ್ತು ಮೆಟ್ಟಲಾ ಹತ್ತಾಕೂ ಆಗೂದಿಲ್ಲ.’

ಮೆಟ್ಟಿಲು ಹೊರಗೆ ಬಂತು, ಪೋರ್ಟಿಕೊದ ಪಕ್ಕ, ತುಳಸಿಕಟ್ಟೆ ಇದ್ದಲ್ಲಿ. ತುಳಸಿಯನ್ನು ಅಮ್ಮ ಒಳ್ಳೆಯ ದಿನ ನೋಡಿ ಹಿತ್ತಲಿಗೆ ಸರಿಸಿದಳು. ಕೆಲಸ ಐದು ತಿಂಗಳು ನಡೆಯಿತು. ಡ್ರಿಲ್ಲಿನ ಸದ್ದಿಗೆ ಗೋಡೆಯ ಫೋಟೊಗಳೆಲ್ಲ ಓರೆಯಾಗಿದ್ದವು. ಮೇಲಿನ ತಾರಸಿಗೆ ಕಾಂಕ್ರೀಟ್ ಹಾಕಿದ ಮೇಲೆ ಅಪ್ಪ ಬೆಳಿಗ್ಗೆ ಸಂಜೆ ತಾವೇ ನೀರು ನಿಲ್ಲಿಸಿದರು, 14 ದಿನ ಒಂದು ಊರೆಗಂಬವನ್ನೂ ಮುಟ್ಟಗೊಡಲಿಲ್ಲ. ಕೊನೆಯ ದಿನ ಮೇಸ್ತ್ರಿ ರೂಢಿಯಂತೆ ಕೇಳಿದ, ‘ಸರ, ಮುಂದಿಂದಕ್ಕ ಸರಳ ಬಿಡೂಣೇನ್ರಿ?’ ಅಪ್ಪ ಬೇಡವೆಂದರು. ಎಂಜಿನಿಯರು ಬೇಡ ಎಂದದ್ದಕ್ಕೋ, ತಮಗೇ ಬೇಡವಾಗಿತ್ತೋ, ನಾನು ಕೇಳಲಿಲ್ಲ.

ಮೇಲೆ ಈಗ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗಂಡಹೆಂಡತಿ ಇದ್ದಾರೆ, ಜೊತೆಗೊಂದು ನಾಲ್ಕು ವರ್ಷದ ಮಗು. ಅದು ದಿನಕ್ಕೆ ಹತ್ತು ಸಲ ಧಡಧಡ ಇಳಿದು ಬಂದು ಅಪ್ಪನ ಪೇಪರ್ ಕಸಿಯುತ್ತದಂತೆ. ಕಪಾಟಿನಲ್ಲಿ ಹಳೆಯ ನಕ್ಷೆಯ ಪಕ್ಕ ಹೊಸದೊಂದು ಸೇರಿದೆ, ಪೂರ್ತಿ ಗಟ್ಟಿ ಗೆರೆಯದು. ನಾನು ಊರಿಗೆ ಹೋದಾಗ ಕೆಳಗೆ ನನ್ನ ಹಳೆಯ ಕೋಣೆಯಲ್ಲೇ ಮಲಗುತ್ತೇನೆ, ಮೇಲೆ ಯಾರೋ ಕುರ್ಚಿ ಎಳೆಯುವ ಸದ್ದು ಕೇಳಿಸುತ್ತದೆ. ಮೊದಲ ಬಾಡಿಗೆ ಬಂದ ವಾರ ಅಪ್ಪ ಅಮ್ಮನನ್ನು ಮೊಣಕಾಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.